ಮಗುವಿನ ಕಿಡ್ನಿ ಊದಿದೆ ಎಂದು ರಿಪೋರ್ಟ್ ಬಂದಾಗ: ಯಾವ ಸ್ಕ್ಯಾನ್, ಯಾಕೆ, ಯಾವಾಗ?

2025ರಲ್ಲಿ ಬಂದ ಎರಡು ಸುದ್ದಿಗಳು ಅಪ್ಪ-ಅಮ್ಮಂದಿರನ್ನು ತುಂಬಾ ಹೆದರಿಸಿವೆ. ಏಪ್ರಿಲ್‌ನಲ್ಲಿ ಅಮೆರಿಕದ ಸಂಶೋಧಕರು ಒಂದು ಲೆಕ್ಕ ಮುಂದಿಟ್ಟರು. ಅವರ ದೇಶದಲ್ಲಿ 2023ರಲ್ಲಿ ಸುಮಾರು 9.3 ಕೋಟಿ ಸಿಟಿ ಸ್ಕ್ಯಾನ್ ನಡೆದಿವೆ, ಅವುಗಳಿಂದ ಮುಂದೆ ಸುಮಾರು 1 ಲಕ್ಷ 3 ಸಾವಿರ ಕ್ಯಾನ್ಸರ್ ಬರಬಹುದು ಎಂಬುದು ಆ ಲೆಕ್ಕ. ಸೆಪ್ಟೆಂಬರ್‌ನಲ್ಲಿ ಇನ್ನೊಂದು ಅಧ್ಯಯನ ಬಂತು. ಅಮೆರಿಕ ಮತ್ತು ಕೆನಡಾದ 37 ಲಕ್ಷಕ್ಕೂ ಜಾಸ್ತಿ ಮಕ್ಕಳ ದಾಖಲೆ ನೋಡಿ, ಅವರಲ್ಲಿ ಕಂಡ ರಕ್ತದ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಸುಮಾರು 10ಕ್ಕೆ ಸ್ಕ್ಯಾನಿನ ವಿಕಿರಣ ಕಾರಣ ಇರಬಹುದು ಎಂದು ಅದು ಹೇಳಿತು.

ಮೊಬೈಲಿಗೆ ಬಂದು ತಲುಪುವಷ್ಟರಲ್ಲಿ ಇಂಥ ಸುದ್ದಿ ಒಂದೇ ಸಾಲಿಗೆ ಇಳಿದಿರುತ್ತದೆ: ಮಕ್ಕಳಿಗೆ ಸ್ಕ್ಯಾನ್ ಮಾಡಿಸಿದರೆ ಕ್ಯಾನ್ಸರ್. ಈ ಸಾಲಿನಿಂದ ಎಲ್ಲರಿಗಿಂತ ಜಾಸ್ತಿ ಕಷ್ಟಕ್ಕೆ ಸಿಕ್ಕುವವರು ಹುಟ್ಟಿನಿಂದಲೇ ಮೂತ್ರದ ದಾರಿಯಲ್ಲಿ ತೊಂದರೆ ಇರುವ ಮಕ್ಕಳ ತಂದೆ-ತಾಯಿ. ಈ ಮಕ್ಕಳಿಗೆ ಸ್ಕ್ಯಾನ್ ತಪ್ಪಿಸಲು ಆಗುವುದಿಲ್ಲ. ಒಂದಾದ ಮೇಲೆ ಒಂದು ಬರೆದುಕೊಡುತ್ತಾರೆ. ಅಲ್ಟ್ರಾಸೌಂಡ್ ಆಯಿತು, ಈಗ ಎಂಸಿಯು (ಟ್ಯೂಬ್ ಹಾಕಿ ತೆಗೆಯುವ ಮೂತ್ರಚೀಲದ ಎಕ್ಸ್-ರೇ) ಅಂತೆ, ಆಮೇಲೆ ಡಿಎಂಎಸ್‌ಎ (ಕಿಡ್ನಿಯ ಕಲೆ ತೋರಿಸುವ ನ್ಯೂಕ್ಲಿಯರ್ ಸ್ಕ್ಯಾನ್) ಅಂತೆ, ಬೇಕಾದರೆ ಎಂಆರ್‌ಐ ಅಂತೆ. ಇಷ್ಟೆಲ್ಲ ಯಾಕೆ, ಒಂದರಲ್ಲೇ ಗೊತ್ತಾಗಲ್ವಾ ಎಂದು ಅವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಗೊತ್ತಾಗುವುದಿಲ್ಲ ಎಂಬುದು ಉತ್ತರ. ಯಾಕೆ ಗೊತ್ತಾಗುವುದಿಲ್ಲ ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ.

ಭಯ ಎಲ್ಲಿಗೆ ಸಲ್ಲಬೇಕು

ಮೊದಲು ಆ ಅಧ್ಯಯನಗಳನ್ನು ಸರಿಯಾಗಿ ಓದಬೇಕು. ಏಪ್ರಿಲ್‌ನದ್ದು ಅಂದಾಜು. ವಿಕಿರಣದ ಪ್ರಮಾಣಕ್ಕೆ ಇಷ್ಟು ಅಪಾಯ ಎಂಬ ಸೂತ್ರ ಹಿಡಿದು ಮುಂದಿನದನ್ನು ಲೆಕ್ಕ ಹಾಕಿದ್ದಾರೆ, ರೋಗಿಗಳನ್ನು ಎಣಿಸಿಲ್ಲ. ಸೆಪ್ಟೆಂಬರ್‌ನದ್ದು ನಿಜವಾದ ಮಕ್ಕಳ ದಾಖಲೆ, ಹಾಗಾಗಿ ಅದಕ್ಕೆ ತೂಕ ಜಾಸ್ತಿ. ಆದರೆ ಅಲ್ಲಿಯೂ 37 ಲಕ್ಷ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಬಂದದ್ದು ಸುಮಾರು 3 ಸಾವಿರ ಮಕ್ಕಳಿಗೆ. ಅದರಲ್ಲಿ ಹತ್ತರಲ್ಲೊಂದು ಭಾಗ ವಿಕಿರಣಕ್ಕೆ ಸೇರುತ್ತದೆ. ಆ ಪಾಲಿನಲ್ಲೂ ದೊಡ್ಡದು ತಲೆಯ ಸಿಟಿಯದ್ದು. ಒಂದು ಮಗುವಿನ ಮಟ್ಟಿಗೆ ಅಪಾಯ ತೀರಾ ಸಣ್ಣದು. ಇಡೀ ದೇಶದ ಮಟ್ಟಿಗೆ ನೋಡಿದರೆ ಕಡೆಗಣಿಸುವಂಥದ್ದಲ್ಲ. ಎರಡೂ ಮಾತು ನಿಜ.

ಎರಡನೆಯದಾಗಿ, ‘ಸ್ಕ್ಯಾನ್’ ಎಂಬ ಒಂದೇ ಪದದೊಳಗೆ ಬೇರೆ ಬೇರೆ ವಸ್ತುಗಳಿವೆ. ಅಲ್ಟ್ರಾಸೌಂಡ್ ಶಬ್ದದ ಅಲೆಯಿಂದ ಚಿತ್ರ ತೆಗೆಯುತ್ತದೆ. ಎಂಆರ್‌ಐ ಆಯಸ್ಕಾಂತದಿಂದ. ಎರಡರಲ್ಲೂ ಎಕ್ಸ್-ರೇ ಥರದ ವಿಕಿರಣ ಇಲ್ಲವೇ ಇಲ್ಲ. ನಾವೆಲ್ಲ ಸುಮ್ನೆ ಈ ಭೂಮಿಯ ಮೇಲೆ ಬದುಕಿರುವುದಕ್ಕೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ವಿಕಿರಣ ಅಳೆಯುವ ಮಾನ) ವಿಕಿರಣ ಪಡೆಯುತ್ತೇವೆ. ಮಗುವಿಗೆ ಮಾಡುವ ಡಿಎಂಎಸ್‌ಎ ಸ್ಕ್ಯಾನಿನದು ಸುಮಾರು 1 ಮಿಲಿಸೀವರ್ಟ್. ಈಗಿನ ಯಂತ್ರದಲ್ಲಿ ಜಾಗ್ರತೆಯಿಂದ ಮಾಡಿದರೆ ಎಂಸಿಯು ಅದಕ್ಕಿಂತಲೂ ಕಡಿಮೆ. ದೊಡ್ಡವರ ಹೊಟ್ಟೆಯ ಸಿಟಿಗೆ ಒಂದು ಸುತ್ತಿಗೆ ಸುಮಾರು 8ರಿಂದ 10 ಆಗುತ್ತದೆ. ಸಿಟಿಯನ್ನು ಮೂರು ಸುತ್ತು ತೆಗೆದರೆ ಅದು ಇನ್ನೂ ಏರುತ್ತದೆ.

ಹಾಗಾಗಿ ‘ಸ್ಕ್ಯಾನ್ ಬೇಕಾ, ಬೇಡ್ವಾ’ ಎಂದು ಒಟ್ಟಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಈ ಚಿತ್ರ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ, ಆ ಉತ್ತರದಿಂದ ಚಿಕಿತ್ಸೆ ಬದಲಾಗುತ್ತದಾ ಎಂದು ಕೇಳಬೇಕು. ಮೂತ್ರದ ದಾರಿಯ ಅಪರೂಪದ ತೊಂದರೆಗಳಲ್ಲಿ ಇದು ಬೇರೆಲ್ಲ ಕಡೆಗಿಂತ ಚೆನ್ನಾಗಿ ಕಾಣುತ್ತದೆ.

ಕಿಡ್ನಿ ಹತ್ತುವ ದಾರಿ

ಕಿಡ್ನಿ ಈಗಿರುವ ಜಾಗದಲ್ಲಿ ಹುಟ್ಟುವುದಿಲ್ಲ. ಬಸಿರಿನ ಮೊದಲ ವಾರಗಳಲ್ಲಿ ಅದು ಕೆಳಗೆ, ಕಿಬ್ಬೊಟ್ಟೆಯ ಗುಂಡಿಯಲ್ಲಿ ಶುರುವಾಗುತ್ತದೆ. ಐದನೇ ವಾರದ ಹೊತ್ತಿಗೆ ಒಂದು ಸಣ್ಣ ಮೊಗ್ಗು ಹೊರಟು ಮೇಲಿನ ಅಂಗಾಂಶಕ್ಕೆ ಹೋಗಿ ಸೇರುತ್ತದೆ. ಆ ಮೊಗ್ಗೇ ಮುಂದೆ ಮೂತ್ರನಾಳ, ಅಂದರೆ ಕಿಡ್ನಿಯಿಂದ ಮೂತ್ರಚೀಲಕ್ಕೆ ಬರುವ ಕೊಳವೆ. ಮೊಗ್ಗು ಮುಟ್ಟಿದ ಜಾಗದಲ್ಲಿ ಕಿಡ್ನಿ ಬೆಳೆಯುತ್ತದೆ, ಆಮೇಲೆ ಮೇಲಕ್ಕೆ ಹತ್ತುತ್ತದೆ.

ಈ ದಾರಿಯಲ್ಲಿ ಒಂದೊಂದು ಹೆಜ್ಜೆ ತಪ್ಪಿದರೂ ಒಂದೊಂದು ಬಗೆಯ ತೊಂದರೆ. ಮೊಗ್ಗೇ ಬರದಿದ್ದರೆ ಆ ಬದಿಯಲ್ಲಿ ಕಿಡ್ನಿಯೇ ಇರುವುದಿಲ್ಲ. ಎರಡು ಮೊಗ್ಗು ಬಂದರೆ ಒಂದೇ ಕಿಡ್ನಿಗೆ ಎರಡು ನಾಳ. ಎಡ-ಬಲ ಕಿಡ್ನಿಗಳ ಕೆಳತುದಿ ಅಂಟಿಕೊಂಡರೆ ಕುದುರೆ ಲಾಳದ ಆಕಾರ. ಈ ಲಾಳ ಮೇಲೆ ಹತ್ತುವಾಗ ದೊಡ್ಡ ಕರುಳಿಗೆ ಹೋಗುವ ಒಂದು ರಕ್ತನಾಳಕ್ಕೆ ಸಿಕ್ಕಿಕೊಂಡು ಅಲ್ಲೇ ನಿಲ್ಲುತ್ತದೆ. ಅದಕ್ಕೇ ಲಾಳದ ಕಿಡ್ನಿ ಯಾವಾಗಲೂ ಕೆಳಗೆ ಇರುತ್ತದೆ.

ಇವುಗಳಲ್ಲಿ ಕೆಲವು ಅಪರೂಪವೇನಲ್ಲ. ಲಾಳದ ಕಿಡ್ನಿ ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆ. ಎಷ್ಟೋ ಜನಕ್ಕೆ ಅದು ಇದೆ ಎಂದೇ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಇನ್ನು ಕೆಲವು ಕಿಡ್ನಿಯನ್ನೇ ತಿಂದುಹಾಕುತ್ತವೆ. ಮಕ್ಕಳಲ್ಲಿ ಕಾಣುವ ದೀರ್ಘಕಾಲದ ಕಿಡ್ನಿ ಕಾಯಿಲೆಯಲ್ಲಿ ಅರ್ಧದ ಹತ್ತಿರಕ್ಕೆ ಕಾರಣ ಹುಟ್ಟಿನಿಂದ ಬಂದ ಇಂಥ ರಚನೆಯ ದೋಷಗಳೇ. ಸುಮ್ಮನಿರುವುದನ್ನು ಸುಮ್ಮನೆ ಬಿಟ್ಟು, ಕಿಡ್ನಿ ತಿನ್ನುವುದನ್ನು ಬೇಗ ಹಿಡಿಯಬೇಕು. ಕಷ್ಟ ಇರುವುದು ಇವೆರಡನ್ನು ಬೇರೆ ಮಾಡುವುದರಲ್ಲಿ.

ಐದನೇ ತಿಂಗಳ ಸ್ಕ್ಯಾನಿನಲ್ಲಿ ಕಂಡಾಗ

ಈಗ ಹೆಚ್ಚಿನ ತೊಂದರೆಗಳು ಮೊದಲು ಕಣ್ಣಿಗೆ ಬೀಳುವುದು ಗರ್ಭಿಣಿಗೆ 18ರಿಂದ 20 ವಾರದಲ್ಲಿ ಮಾಡುವ ಅನಾಮಲಿ ಸ್ಕ್ಯಾನಿನಲ್ಲಿ. ಕಿಡ್ನಿಯೊಳಗೆ ಮೂತ್ರ ಸೇರುವ ಜಾಗದ ಅಗಲವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. 2014ರಲ್ಲಿ ಹಲವು ವೈದ್ಯ ಸಂಘಗಳು ಒಟ್ಟಿಗೆ ಒಪ್ಪಿದ ಅಳತೆಯ ಪ್ರಕಾರ, 28 ವಾರಕ್ಕೆ ಮುಂಚೆ 4 ಮಿಲಿಮೀಟರ್ ಒಳಗಿದ್ದರೆ, ಆಮೇಲೆ 7ರ ಒಳಗಿದ್ದರೆ ಸರಿ. ದಾಟಿದರೆ ‘ಹೈಡ್ರೋನೆಫ್ರೋಸಿಸ್’, ಅಂದರೆ ಕಿಡ್ನಿಯ ಊತ, ಎಂದು ಬರೆಯುತ್ತಾರೆ.

ಈ ಪದ ನೋಡಿದ ಕೂಡಲೇ ಮನೆಯಲ್ಲಿ ಅಳು ಶುರು. ಆದರೆ ನೂರು ಬಸಿರಿನಲ್ಲಿ ಒಂದರಿಂದ ಐದರವರೆಗೂ ಇದು ಕಾಣುತ್ತದೆ. ಬಹುಪಾಲು ಸಣ್ಣ ಊತ ತಾನಾಗಿಯೇ ಇಳಿಯುತ್ತದೆ, ಕೆಲವು ಹುಟ್ಟುವ ಮೊದಲು, ಕೆಲವು ಹುಟ್ಟಿದ ಒಂದೆರಡು ವರ್ಷದಲ್ಲಿ.

ಇಳಿಯದವು ಯಾವುವು? ಅದಕ್ಕೆ ಕಿಡ್ನಿಯನ್ನೊಂದೇ ನೋಡಿದರೆ ಸಾಲದು. ಮೂತ್ರಚೀಲ ಹೇಗಿದೆ, ಸುತ್ತಲಿನ ನೀರು ಎಷ್ಟಿದೆ ಎಂದು ನೋಡಬೇಕು. ಸುಮಾರು 16 ವಾರ ಕಳೆದ ಮೇಲೆ ಮಗುವಿನ ಸುತ್ತಲಿನ ನೀರಿನಲ್ಲಿ ಹೆಚ್ಚಿನ ಪಾಲು ಮಗುವಿನ ಮೂತ್ರವೇ. ನೀರು ಕಡಿಮೆ ಇದ್ದರೆ ಒಂದೋ ಮೂತ್ರ ಆಗುತ್ತಿಲ್ಲ, ಇಲ್ಲವೇ ಹೊರಗೆ ಬರುತ್ತಿಲ್ಲ. ನೀರಿಲ್ಲದೆ ಶ್ವಾಸಕೋಶ ಬೆಳೆಯುವುದಿಲ್ಲ. ಎರಡೂ ಕಿಡ್ನಿ ಇಲ್ಲದ ಮಗು ಹುಟ್ಟಿದ ಮೇಲೆ ಉಸಿರಿಗೇ ಒದ್ದಾಡುವುದು ಇದರಿಂದ.

ಇಲ್ಲೊಂದು ಕಷ್ಟವಿದೆ. ಅಲ್ಟ್ರಾಸೌಂಡಿಗೆ ಆ ನೀರೇ ಕಿಟಕಿ. ನೀರು ಕಡಿಮೆಯಾದಷ್ಟೂ ಚಿತ್ರ ಮಸುಕು. ಯಾವ ಕಾಯಿಲೆಯನ್ನು ನೋಡಬೇಕೋ ಅದೇ ಕಾಯಿಲೆ ನೋಟವನ್ನು ಕೆಡಿಸುತ್ತದೆ. ಜೊತೆಗೆ ಕಿಡ್ನಿ ಇಲ್ಲದ ಕಡೆ, ಅದರ ಮೇಲೆ ಕೂರಬೇಕಿದ್ದ ಅಡ್ರಿನಲ್ ಗ್ರಂಥಿ ಉದ್ದಕ್ಕೆ ಮಲಗಿಕೊಂಡು ಕಿಡ್ನಿಯ ಹಾಗೇ ಕಾಣುತ್ತದೆ. ಅನುಭವವಿರುವ ರೇಡಿಯಾಲಜಿಸ್ಟ್, ರಕ್ತದ ಹರಿವು ತೋರಿಸುವ ಕಲರ್ ಡಾಪ್ಲರ್ ಹಾಕಿ ಕಿಡ್ನಿಗೆ ಹೋಗುವ ರಕ್ತನಾಳ ಇದೆಯೇ ಎಂದು ಹುಡುಕುತ್ತಾರೆ. ಇನ್ನೂ ಅನುಮಾನ ಇದ್ದರೆ ಗರ್ಭದ ಎಂಆರ್‌ಐ.

ನಮ್ಮ ಕಾನೂನುಗಳೂ ಇಲ್ಲಿ ಒಳಬರುತ್ತವೆ. 2021ರ ತಿದ್ದುಪಡಿಯ ಪ್ರಕಾರ ಗರ್ಭಪಾತಕ್ಕೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಕ್ಕೆ ನಿಯಮದಲ್ಲಿ ಹೇಳಿದ ಮಹಿಳೆಯರಿಗೆ ಇಬ್ಬರು ವೈದ್ಯರ ಒಪ್ಪಿಗೆ ಬೇಕು. 24 ದಾಟಿದರೆ, ಮಗುವಿಗೆ ಗಂಭೀರ ದೋಷವಿದೆ ಎಂದು ವೈದ್ಯಕೀಯ ಮಂಡಳಿ ಹೇಳಬೇಕು. ಸ್ಕ್ಯಾನ್ ಒಂದೆರಡು ವಾರ ತಡವಾದರೆ, ಎರಡನೇ ಅಭಿಪ್ರಾಯಕ್ಕೆ ಇನ್ನೊಂದು ಊರಿಗೆ ಹೋಗಬೇಕಾದರೆ, ಆ ಕುಟುಂಬಕ್ಕೆ ಯೋಚಿಸುವ ಸಮಯವೇ ಉಳಿಯುವುದಿಲ್ಲ. ಗಡಿಬಿಡಿಯಲ್ಲಿ, ಮಸುಕು ಚಿತ್ರ ನಂಬಿ, ಇಂಥ ತೀರ್ಮಾನಕ್ಕೆ ಬರುವ ಸ್ಥಿತಿ ಯಾರಿಗೂ ಬರಬಾರದು.

ಇನ್ನೊಂದು ಕಾನೂನು ಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆ. ಗಂಡು ಮಕ್ಕಳಲ್ಲಿ ಮಾತ್ರ ಬರುವ ಒಂದು ದೋಷವಿದೆ. ಮೂತ್ರಚೀಲದ ಕೆಳಗಿನ ಹೊರದಾರಿಯಲ್ಲಿ ತೆಳು ಪೊರೆಯೊಂದು ಕವಾಟದ ಹಾಗೆ ಅಡ್ಡ ನಿಲ್ಲುತ್ತದೆ. ಸ್ಕ್ಯಾನಿನಲ್ಲಿ ಊದಿದ ಮೂತ್ರಚೀಲ, ಅದರ ಕೆಳಗೆ ಊದಿದ ದಾರಿ, ಎರಡೂ ಸೇರಿ ಹಳೇ ಬೀಗದ ಕೀಲಿ ತೂತಿನ ಹಾಗೆ ಕಾಣುತ್ತವೆ. ಗರ್ಭಿಣಿಯ ರಿಪೋರ್ಟಿನಲ್ಲಿ ಈ ಕಾಯಿಲೆಯ ಹೆಸರು ಬರೆದರೆ ಮಗು ಗಂಡು ಎಂದು ಹೇಳಿದಂತೆಯೇ ಆಯಿತು. ‘ಮೂತ್ರದ ಕೆಳದಾರಿಯಲ್ಲಿ ಅಡಚಣೆಯ ಅನುಮಾನ’ ಎಂದು ಬರೆದರೆ ಮುಂದಿನ ವೈದ್ಯರಿಗೆ ಬೇಕಾದದ್ದು ಸಿಗುತ್ತದೆ, ಕಾನೂನೂ ಉಳಿಯುತ್ತದೆ. ಈ ಅಡಚಣೆಗೆ ಹೆಣ್ಣು ಮಕ್ಕಳಲ್ಲಿ ಬೇರೆ ಕಾರಣಗಳಿವೆ. ರಿಪೋರ್ಟಿನಲ್ಲಿ ಪದ ಮುಚ್ಚುಮರೆಯಾಗಿ ಕಂಡರೆ ಅದರ ಹಿಂದೆ ಇಂಥ ಕಾರಣ ಇರಬಹುದು.

ಗರ್ಭದಲ್ಲಿಯೇ ಟ್ಯೂಬ್ ಹಾಕಿ ಆ ಮೂತ್ರವನ್ನು ಹೊರಗೆ ಬಿಟ್ಟರೆ ಕಿಡ್ನಿ ಉಳಿಯಲ್ವಾ ಎಂದು ಕೇಳುವವರಿದ್ದಾರೆ. ಬ್ರಿಟನ್ ಮುಂತಾದ ಕಡೆ ನಡೆದ, 2013ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನೇ ಪರೀಕ್ಷಿಸಿತು. 150 ಮಹಿಳೆಯರು ಬೇಕಿತ್ತು, ಸಿಕ್ಕಿದ್ದು 31. ಟ್ಯೂಬ್ ಹಾಕಿದ ಗುಂಪಿನಲ್ಲಿ ಹೆಚ್ಚು ಮಕ್ಕಳು ಬದುಕಿದ ಹಾಗೆ ಕಂಡಿತು. ಆದರೆ ಎರಡು ವರ್ಷದ ಹೊತ್ತಿಗೆ ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿದ್ದದ್ದು ಇಬ್ಬರಿಗೆ ಮಾತ್ರ. ಚಿತ್ರದಲ್ಲಿ ಅಡಚಣೆ ಕಾಣುವ ಹೊತ್ತಿಗೆ ಕಿಡ್ನಿಗೆ ಪೆಟ್ಟು ಬಿದ್ದಾಗಿರುತ್ತದೆ ಎಂಬುದು ಇದರ ಅರ್ಥ.

ಹುಟ್ಟಿದ ಮೇಲೆ ಎರಡು ದಿನ ಕಾಯುವುದು ಯಾಕೆ

ಗರ್ಭದಲ್ಲಿ ಊತ ಕಂಡಿದ್ದರೆ ಹುಟ್ಟಿದ ದಿನವೇ ಸ್ಕ್ಯಾನ್ ಮಾಡಿ ಎಂದು ಮನೆಯವರು ಒತ್ತಾಯಿಸುತ್ತಾರೆ. ವೈದ್ಯರು ತಡೆಯಿರಿ ಎನ್ನುತ್ತಾರೆ. ಇದು ಅಸಡ್ಡೆಯಲ್ಲ. ಮೊದಲ ಎರಡು ದಿನ ಮಗುವಿಗೆ ಮೂತ್ರ ಕಡಿಮೆ ಆಗುತ್ತದೆ. ಮೂತ್ರ ಕಡಿಮೆ ಇದ್ದರೆ ಊತ ಇಳಿದ ಹಾಗೆ ಕಾಣುತ್ತದೆ. ‘ಎಲ್ಲ ಸರಿಯಾಗಿದೆ’ ಎಂಬ ಸುಳ್ಳು ಸಮಾಧಾನದಲ್ಲಿ ಮನೆಗೆ ಹೋದವರು ಮತ್ತೆ ತೋರಿಸಲು ಬರುವುದು ಮಗುವಿಗೆ ಜ್ವರ ಬಂದ ಮೇಲೆಯೇ. ಹಾಗಾಗಿ ಮೊದಲ ಸ್ಕ್ಯಾನ್ ಮೂರನೇ ದಿನದಿಂದ ಒಂದು ವಾರದೊಳಗೆ, ಮತ್ತೊಂದು ನಾಲ್ಕರಿಂದ ಆರು ವಾರಕ್ಕೆ. ಮೊದಲನೆಯದು ಸರಿ ಇದೆ ಎಂದು ಎರಡನೆಯದನ್ನು ಬಿಡಬಾರದು.

ಕಾಯಬಾರದ ಮಕ್ಕಳೂ ಇದ್ದಾರೆ. ಎರಡೂ ಕಿಡ್ನಿ ಜೋರಾಗಿ ಊದಿದ್ದರೆ, ಇರುವುದೇ ಒಂದು ಕಿಡ್ನಿಯಾಗಿದ್ದು ಅದೇ ಊದಿದ್ದರೆ, ಮೂತ್ರಚೀಲ ಖಾಲಿಯೇ ಆಗದಿದ್ದರೆ, ಗರ್ಭದಲ್ಲಿ ನೀರು ಕಡಿಮೆ ಇದ್ದಿದ್ದರೆ ಅದೇ ದಿನ ನೋಡಲೇಬೇಕು.

ಕೆರೆ ತುಂಬಿದೆಯೇ, ತೂಬು ಮುಚ್ಚಿದೆಯೇ

ಅಲ್ಟ್ರಾಸೌಂಡ್ ತೋರಿಸುವುದು ಆಕಾರವನ್ನು. ಕೆರೆ ದೊಡ್ಡದಾಗಿದೆ ಎಂದು ಅದು ಹೇಳುತ್ತದೆ. ತೂಬಿನಿಂದ ನೀರು ಹರಿಯುತ್ತಿದೆಯೇ ಎಂದು ಹೇಳಲಾರದು. ಕೆರೆ ತುಂಬಿದ ಮಾತ್ರಕ್ಕೆ ತೂಬು ಮುಚ್ಚಿದೆ ಎಂದೇನಿಲ್ಲ, ಅಲ್ವಾ? ಕಿಡ್ನಿಯೂ ಹಾಗೆ. ಊತ ಬೇರೆ, ಅಡಚಣೆ ಬೇರೆ.

ಹರಿವನ್ನು ನೋಡಲು ಬೇರೆ ಸ್ಕ್ಯಾನ್ ಬೇಕು. ಕಿಡ್ನಿ ಮಾತ್ರ ಹೀರಿಕೊಳ್ಳುವ ಒಂದು ಔಷಧಿಗೆ ವಿಕಿರಣ ಸೂಸುವ ಟೆಕ್ನೀಶಿಯಂ ಅನ್ನು ಸಣ್ಣ ಪ್ರಮಾಣದಲ್ಲಿ ಸೇರಿಸಿ ರಕ್ತನಾಳಕ್ಕೆ ಕೊಡುತ್ತಾರೆ. ಕ್ಯಾಮೆರಾ ಅದರ ದಾರಿಯನ್ನು ನೋಡುತ್ತಾ ಹೋಗುತ್ತದೆ. ಎಷ್ಟು ಹೊತ್ತಿಗೆ ಕಿಡ್ನಿಗೆ ಬಂತು, ಮೂತ್ರ ಹೆಚ್ಚಿಸುವ ಲೇಸಿಕ್ಸ್ ಕೊಟ್ಟ ಮೇಲೆ ಎಷ್ಟು ಬೇಗ ಇಳಿಯಿತು, ಒಟ್ಟು ಕೆಲಸದಲ್ಲಿ ಈ ಕಿಡ್ನಿಯ ಪಾಲು ಎಷ್ಟು. ನಮ್ಮ ದೇಶದಲ್ಲಿ ಇದಕ್ಕೆ ಹೆಚ್ಚಾಗಿ ಬಳಸುವುದು ಇಸಿ ಅಥವಾ ಡಿಟಿಪಿಎ ಎಂಬ ಔಷಧಿ. ಡಿಎಂಎಸ್‌ಎ ಇದೇ ಬಗೆಯದು, ಆದರೆ ಕೇಳುವ ಪ್ರಶ್ನೆ ಬೇರೆ. ಅದು ಕಿಡ್ನಿಯಲ್ಲೇ ಅಂಟಿಕೊಂಡು ನಿಂತು, ಎಲ್ಲಿ ಗಾಯದ ಕಲೆ ಇದೆ ಎಂದು ತೋರಿಸುತ್ತದೆ. ಎರಡೂ ‘ನ್ಯೂಕ್ಲಿಯರ್ ಸ್ಕ್ಯಾನ್’ ತಾನೇ, ಒಂದು ಮಾಡಿಸಿದೆವಲ್ಲ ಎನ್ನುವವರಿಗೆ ಇದೇ ಉತ್ತರ.

ತಜ್ಞರ ನಡುವೆ ಭಿನ್ನಾಭಿಪ್ರಾಯ ಇರುವುದೂ ಇಲ್ಲೇ. ಕಿಡ್ನಿಯೂ ಮೂತ್ರನಾಳವೂ ಸೇರುವ ಕತ್ತಿನಲ್ಲಿ ದಾರಿ ಇಕ್ಕಟ್ಟಾಗಿರುವ ಮಗುವಿಗೆ ಬೇಗ ಆಪರೇಷನ್ ಮಾಡಬೇಕು, ಕಾದರೆ ಕಳೆದುಹೋದ ಶಕ್ತಿ ಪೂರ್ತಿ ವಾಪಸ್ ಬರಲ್ಲ ಎಂದು ಒಂದು ಪಕ್ಷ. ಹೆಚ್ಚಿನ ಮಕ್ಕಳಿಗೆ ಆಪರೇಷನ್ ಬೇಕೇ ಆಗುವುದಿಲ್ಲ, ಕಣ್ಣಿಟ್ಟು ಕಾಯೋಣ ಎಂದು ಇನ್ನೊಂದು ಪಕ್ಷ. ಆ ಕಿಡ್ನಿಯ ಪಾಲು ನೂರಕ್ಕೆ 40ಕ್ಕಿಂತ ಕೆಳಗಿದ್ದರೆ, ಅಥವಾ ಒಂದು ಸ್ಕ್ಯಾನಿನಿಂದ ಇನ್ನೊಂದಕ್ಕೆ ಸ್ಪಷ್ಟವಾಗಿ ಇಳಿಯುತ್ತಿದ್ದರೆ ಆಪರೇಷನ್ ಕಡೆಗೆ ಹೆಚ್ಚಿನವರು ವಾಲುತ್ತಾರೆ. ಕಾಯುವ ದಾರಿಗೆ ಒಂದು ಷರತ್ತಿದೆ: ಕುಟುಂಬ ಹೇಳಿದ ದಿನಕ್ಕೆ ಮತ್ತೆ ಬರಬೇಕು. ಬಸ್ಸಿನಲ್ಲಿ ಎಂಟು ಗಂಟೆ ದೂರದಿಂದ ಬರುವ, ದಿನಗೂಲಿ ಬಿಟ್ಟು ಬರಬೇಕಾದ ತಾಯಿಗೆ ಈ ಷರತ್ತು ಸಣ್ಣದಲ್ಲ. ಪುಸ್ತಕದಲ್ಲಿ ಸರಿಯಾದ ದಾರಿ ಆ ಮಗುವಿಗೆ ಸರಿಯಾಗದೆ ಹೋಗಬಹುದು. ವೈದ್ಯರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಟ್ಯೂಬ್ ಹಾಕುವ ಪರೀಕ್ಷೆಯ ಜಗಳ

ಎಂಸಿಯು ಮಕ್ಕಳಿಗೆ ಕಷ್ಟ ಕೊಡುವ ಪರೀಕ್ಷೆ. ಸಣ್ಣ ಟ್ಯೂಬಿನಿಂದ ಮೂತ್ರಚೀಲಕ್ಕೆ ಕಾಂಟ್ರಾಸ್ಟ್ (ಚಿತ್ರದಲ್ಲಿ ಎದ್ದು ಕಾಣುವ) ದ್ರವ ತುಂಬಿಸಿ, ಮಗು ಉಚ್ಚೆ ಮಾಡುವಾಗ ಎಕ್ಸ್-ರೇ ತೆಗೆಯುತ್ತಾರೆ. ಮೂತ್ರ ಹಿಂದಕ್ಕೆ ಕಿಡ್ನಿಗೆ ಚಿಮ್ಮುತ್ತಿದೆಯೇ, ಹೊರದಾರಿಯಲ್ಲಿ ಕವಾಟ ಇದೆಯೇ ಎಂಬುದನ್ನು ಇದು ತೋರಿಸುತ್ತದೆ.

ಹಿಂದೆ ಜ್ವರದ ಜೊತೆ ಮೂತ್ರದ ಸೋಂಕು ಬಂದ ಪ್ರತಿ ಪುಟ್ಟ ಮಗುವಿಗೂ ಇದನ್ನು ಮಾಡುತ್ತಿದ್ದರು. 2011ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ, ಮೊದಲ ಸೋಂಕಿಗೆ ಅಲ್ಟ್ರಾಸೌಂಡ್ ಸರಿ ಇದ್ದರೆ ಎಂಸಿಯು ಬೇಡ ಎಂದಿತು. 2014ರಲ್ಲಿ 607 ಮಕ್ಕಳ ಮೇಲಿನ ಒಂದು ಪ್ರಯೋಗದ ಫಲಿತಾಂಶ ಬಂತು. ಮೂತ್ರ ಹಿಂದಕ್ಕೆ ಚಿಮ್ಮುವ ಮಕ್ಕಳಿಗೆ ದಿನಾ ಸ್ವಲ್ಪ ಆಂಟಿಬಯಾಟಿಕ್ ಕೊಟ್ಟರೆ ಸೋಂಕು ಮರುಕಳಿಸುವುದು ಅರ್ಧಕ್ಕೆ ಇಳಿಯಿತು. ಕಿಡ್ನಿಯ ಕಲೆ ಮಾತ್ರ ಕಡಿಮೆಯಾಗಲಿಲ್ಲ. ಸೋಂಕು ಕಡಿಮೆಯಾಗುತ್ತದಲ್ಲ, ಹಾಗಾದರೆ ಹುಡುಕಿ ಎನ್ನುತ್ತದೆ ಒಂದು ಪಕ್ಷ. ಕಿಡ್ನಿ ಉಳಿಯದ ಮೇಲೆ ಮಗುವಿಗೆ ಯಾಕೆ ಈ ನೋವು ಎನ್ನುತ್ತದೆ ಇನ್ನೊಂದು. ಮೊದಲು ಡಿಎಂಎಸ್‌ಎ ಮಾಡಿ, ಕಿಡ್ನಿಗೆ ಪೆಟ್ಟಾಗಿದ್ದರೆ ಮಾತ್ರ ಎಂಸಿಯು ಮಾಡೋಣ ಎನ್ನುವ ಮೂರನೆಯವರೂ ಇದ್ದಾರೆ.

ಈ ಜಗಳ ಸಾಮಾನ್ಯ ಸೋಂಕಿನ ಮಕ್ಕಳ ಬಗ್ಗೆ. ಊದಿದ ಮೂತ್ರಚೀಲ, ಎರಡೂ ಬದಿ ಊತ, ಉಚ್ಚೆ ಧಾರೆಯಾಗಿ ಬರದೆ ತೊಟ್ಟಿಕ್ಕುವ ಗಂಡು ಮಗುವಿಗೆ ಇದು ಅನ್ವಯಿಸುವುದಿಲ್ಲ. ಅಲ್ಲಿ ಕವಾಟ ಪತ್ತೆಗೆ ಎಂಸಿಯು ಬೇಕೇ ಬೇಕು. ಪತ್ತೆಯಾದರೆ ಎಂಡೋಸ್ಕೋಪ್ ಹಾಕಿ ಆ ಪೊರೆ ಕತ್ತರಿಸಬಹುದು. ವಿಕಿರಣದ ಸುದ್ದಿ ಓದಿ ಈ ಪರೀಕ್ಷೆಯನ್ನು ಮುಂದೂಡಿದರೆ, ಮೂತ್ರದ ಒತ್ತಡ ದಿನದಿನವೂ ಕಿಡ್ನಿಯನ್ನು ಅರೆಯುತ್ತಲೇ ಇರುತ್ತದೆ.

ಸದಾ ಒದ್ದೆಯಾಗಿರುವ ಹುಡುಗಿ

ಅಪರೂಪದ ತೊಂದರೆಗಳಲ್ಲಿ ಒಂದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಎಷ್ಟೋ ಹೆಣ್ಣು ಮಕ್ಕಳು ಇದರಿಂದ ವರ್ಷಗಟ್ಟಲೆ ಸುಮ್ಮಸುಮ್ಮನೆ ಬೈಗುಳ ತಿಂದಿದ್ದಾರೆ.

ಒಂದೇ ಕಿಡ್ನಿಗೆ ಎರಡು ನಾಳ ಇರುವುದನ್ನು ಮೇಲೆ ಹೇಳಿದೆ. ಅದರಲ್ಲಿ ಮೇಲಿನ ಅರ್ಧದಿಂದ ಬರುವ ನಾಳ ಸಾಮಾನ್ಯವಾಗಿ ಕೆಳಗೆ ಬಂದು ತೆರೆಯುತ್ತದೆ. ಕೇಳಲು ತಲೆಕೆಳಗು ಅನಿಸಿದರೂ ನಿಯಮ ಹಾಗೇ ಇದೆ. ಕಾರ್ಲ್ ವೈಗರ್ಟ್ 1877ರಲ್ಲಿ ಇದನ್ನು ಗುರುತಿಸಿದರು, ಆಮೇಲೆ ರಾಬರ್ಟ್ ಮೇಯರ್ ತಿದ್ದಿ ಪೂರ್ತಿ ಮಾಡಿದರು. ಇಬ್ಬರ ಹೆಸರಿನಲ್ಲೇ ಆ ನಿಯಮ ಇಂದಿಗೂ ನಡೆಯುತ್ತಿದೆ. ಕೆಲವರಲ್ಲಿ ಈ ನಾಳ ಎಷ್ಟು ಕೆಳಗೆ ಹೋಗುತ್ತದೆ ಎಂದರೆ ಮೂತ್ರಚೀಲವನ್ನೇ ತಪ್ಪಿಸಿಬಿಡುತ್ತದೆ. ಹುಡುಗರಲ್ಲಿ ಅದು ಎಲ್ಲಿ ತೆರೆದರೂ ಮೂತ್ರ ಹಿಡಿದಿಡುವ ಸ್ನಾಯುವಿನ ಮೇಲ್ಗಡೆಯೇ, ಹಾಗಾಗಿ ಸೋರುವುದಿಲ್ಲ. ಹುಡುಗಿಯರಲ್ಲಿ ಸ್ನಾಯು ದಾಟಿ ಯೋನಿಯಲ್ಲೋ ಅದರ ಸುತ್ತಮುತ್ತಲೋ ತೆರೆಯಬಹುದು. ಆಗ ಹಿಡಿದಿಡಲು ಏನೂ ಇಲ್ಲ. ಹಗಲೂ ರಾತ್ರಿಯೂ ತೊಟ್ಟು ತೊಟ್ಟಾಗಿ ಸೋರುತ್ತದೆ.

ಇದೇ ಹುಡುಗಿ ಬೇರೆ ಮಕ್ಕಳ ಹಾಗೇ ಹೊತ್ತು ಹೊತ್ತಿಗೆ ಶೌಚಾಲಯಕ್ಕೂ ಹೋಗಿ ಬರುತ್ತಾಳೆ. ಯಾಕೆಂದರೆ ಉಳಿದ ಒಂದೂವರೆ ಕಿಡ್ನಿಯ ಮೂತ್ರ ಸರಿಯಾಗಿಯೇ ಮೂತ್ರಚೀಲಕ್ಕೆ ಬರುತ್ತಿದೆ. ಕಾಯಿಲೆಯ ಗುರುತು ಇದೇ: ಸರಿಯಾಗಿ ಉಚ್ಚೆ ಮಾಡಿ ಬಂದ ಮೇಲೂ ಚಡ್ಡಿ ಒದ್ದೆ, ಹುಟ್ಟಿದಾಗಿನಿಂದ ಒಂದು ದಿನವೂ ಪೂರ್ತಿ ಒಣಗಿರಲಿಲ್ಲ. ಹಾಸಿಗೆ ಒದ್ದೆ ಮಾಡುವ ಮಕ್ಕಳ ಕಥೆ ಹೀಗಿರುವುದಿಲ್ಲ. ಅವರು ಹಗಲು ಒಣಗಿರುತ್ತಾರೆ. ಆದರೆ ಈ ಹುಡುಗಿಯನ್ನು ಮನೆಯಲ್ಲಿ ಸೋಮಾರಿ ಎನ್ನುತ್ತಾರೆ, ಶಾಲೆಯಲ್ಲಿ ದೂರ ಕೂರಿಸುತ್ತಾರೆ, ಔಷಧಿ ಅಂಗಡಿಯಲ್ಲಿ ಬಿಳಿಸೆರಗಿಗೆ ಮಾತ್ರೆ ಕೊಡುತ್ತಾರೆ. ಇಪ್ಪತ್ತು, ಮೂವತ್ತು ವಯಸ್ಸಾದ ಮೇಲೆ ಪತ್ತೆಯಾದ ಹೆಂಗಸರ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗಿವೆ.

ಸ್ಕ್ಯಾನ್ ಮಾಡಿದರೂ ಯಾಕೆ ತಪ್ಪಿಹೋಗುತ್ತದೆ? ಆ ಮೇಲಿನ ಅರ್ಧ ಹೆಚ್ಚಾಗಿ ಕುಗ್ಗಿರುತ್ತದೆ. ಕೆಲವೊಮ್ಮೆ ಬೆರಳ ತುದಿಯಷ್ಟಿರುತ್ತದೆ. ಅಲ್ಟ್ರಾಸೌಂಡಿನಲ್ಲಿ ಅದು ಮರೆಯಾಗಿ, ‘ಎರಡೂ ಕಿಡ್ನಿ ಸರಿಯಾಗಿವೆ’ ಎಂದು ರಿಪೋರ್ಟ್ ಬರುತ್ತದೆ. ಐವಿಪಿಯಲ್ಲಿ, ಅಂದರೆ ರಕ್ತನಾಳಕ್ಕೆ ಕಾಂಟ್ರಾಸ್ಟ್ ಕೊಟ್ಟು ತೆಗೆಯುವ ಎಕ್ಸ್-ರೇಯಲ್ಲಿ, ಕಾಣಬೇಕಾದರೆ ಕಿಡ್ನಿ ಕಾಂಟ್ರಾಸ್ಟನ್ನು ಸೋಸಿ ಕಳಿಸಬೇಕು. ಶಕ್ತಿಯೇ ಇಲ್ಲದ ತುಂಡು ಏನನ್ನು ಸೋಸುತ್ತದೆ? 1929ರಲ್ಲಿ ಬರ್ಲಿನ್‌ನಲ್ಲಿ ಮೋಸೆಸ್ ಸ್ವಿಕ್ ಎಂಬ ಯುವ ವೈದ್ಯರು ಬಳಕೆಗೆ ತಂದ ಐವಿಪಿ ದಶಕಗಳ ಕಾಲ ಮೂತ್ರದ ದಾರಿಯನ್ನು ನೋಡುವ ಮುಖ್ಯ ವಿಧಾನವಾಗಿತ್ತು. ಅದರ ಮಿತಿ ಇದು: ಕೆಲಸ ಮಾಡುವ ಕಿಡ್ನಿ ಮಾತ್ರ ಅದಕ್ಕೆ ಕಾಣುತ್ತದೆ.

ಎಂಆರ್‌ಐಯಲ್ಲೇ ಮೂತ್ರದ ದಾರಿಯನ್ನು ನೋಡುವ ಎಂಆರ್ ಯೂರೋಗ್ರಫಿ ಇಲ್ಲಿ ಗೆಲ್ಲುತ್ತದೆ. ಅದು ನೀರನ್ನೇ ಬೆಳ್ಳಗೆ ತೋರಿಸುತ್ತದೆ. ನಾಳದಲ್ಲಿ ಮೂತ್ರ ನಿಂತಿದ್ದರೆ ಸಾಕು, ಕಿಡ್ನಿ ಕೆಲಸ ಮಾಡದಿದ್ದರೂ ಆ ಗೆರೆ ಮೇಲಿನಿಂದ ಕೆಳಗಿನವರೆಗೆ, ಎಲ್ಲಿ ಹೋಗಿ ಸೇರುತ್ತದೆ ಎಂಬುದರವರೆಗೆ ಕಾಣಬಹುದು. ವಿಕಿರಣ ಇಲ್ಲ. ಚಿಕ್ಕ ಮಗು ಅಲ್ಲಾಡದೆ ಮಲಗಬೇಕು ಎಂಬುದೇ ತೊಡಕು. ಎಳೆಗೂಸಾದರೆ ಹಾಲು ಕುಡಿಸಿ, ಬಟ್ಟೆಯಲ್ಲಿ ಸುತ್ತಿ ಮಲಗಿಸಿ ಮಾಡಬಹುದು. ಎರಡು-ಮೂರು ವರ್ಷದ ಮಗುವಿಗೆ ಮಂಪರು ಬರುವ ಔಷಧಿ ಕೊಡಬೇಕು. ಗಡೋಲಿನಿಯಂ ಎಂಬ ಕಾಂಟ್ರಾಸ್ಟ್ ಸ್ವಲ್ಪ ಮಟ್ಟಿಗೆ ದೇಹದಲ್ಲಿ ಉಳಿಯುತ್ತದೆ ಎಂಬ ಕಾರಣಕ್ಕೆ 2017ರಲ್ಲಿ ಯುರೋಪ್ ಅದರ ಕೆಲವು ಬಗೆಗಳನ್ನು ತಡೆಹಿಡಿಯಿತು. ನಾಳ ಎಲ್ಲಿ ತೆರೆಯುತ್ತದೆ ಎಂದಷ್ಟೇ ತಿಳಿಯಬೇಕಾದರೆ ಎಷ್ಟೋ ಸಲ ಗಡೋಲಿನಿಯಂ ಇಲ್ಲದೆಯೂ ಆಗುತ್ತದೆ.

ಪತ್ತೆಯಾದರೆ ಚಿಕಿತ್ಸೆ ಸುಲಭ. ಸತ್ತ ತುಂಡನ್ನು ತೆಗೆಯುತ್ತಾರೆ, ಇಲ್ಲವೇ ಆ ನಾಳವನ್ನು ಪಕ್ಕದ ಒಳ್ಳೆಯ ನಾಳಕ್ಕೆ ಸೇರಿಸುತ್ತಾರೆ. ಹುಡುಗಿಯ ಸೋರಿಕೆ ನಿಲ್ಲುತ್ತದೆ. ಯಾವ ಯಂತ್ರವೂ ತಾನಾಗಿ ಇದನ್ನು ಹೇಳಿಲ್ಲ, ನೋಡಿ. ‘ಸರಿಯಾಗಿ ಹೋಗಿ ಬಂದ ಮೇಲೂ ಸೋರುತ್ತದಾ?’ ಎಂದು ಯಾರಾದರೂ ಆ ತಾಯಿಯನ್ನು ಕೇಳಿರಬೇಕು, ಆ ಮಾತನ್ನು ಸ್ಕ್ಯಾನಿನ ಚೀಟಿಯ ಮೇಲೆ ಬರೆದಿರಬೇಕು. ‘ಕಿಡ್ನಿ ನೋಡಿ’ ಎಂದಷ್ಟೇ ಬರೆದ ಚೀಟಿಗೆ ‘ಕಿಡ್ನಿ ಸರಿ ಇದೆ’ ಎಂದೇ ಉತ್ತರ ಬರುತ್ತದೆ.

ಇದರ ಜೊತೆಯದೇ ಇನ್ನೊಂದು. ಒಂದೇ ಕಿಡ್ನಿ ಇರುವ ಹೆಣ್ಣು ಮಗುವಿನಲ್ಲಿ ಗರ್ಭಕೋಶದ ರಚನೆಯೂ ಬೇರೆ ಇರಬಹುದು, ಎರಡೂ ಅಕ್ಕಪಕ್ಕದ ಅಂಗಾಂಶದಿಂದಲೇ ಬೆಳೆಯುವುದರಿಂದ. ಒಂದು ಬದಿಯ ದಾರಿ ಮುಚ್ಚಿದ್ದರೆ ಮುಟ್ಟು ಶುರುವಾದ ಮೇಲೆ ರಕ್ತ ಒಳಗೇ ಕಟ್ಟಿಕೊಳ್ಳುತ್ತದೆ. ಇನ್ನೊಂದು ಬದಿಯಿಂದ ಮುಟ್ಟು ಬರುತ್ತಲೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ತಿಂಗಳು ತಿಂಗಳಿಗೂ ಜಾಸ್ತಿಯಾಗುವ ಹೊಟ್ಟೆನೋವನ್ನು ‘ಎಲ್ಲರಿಗೂ ಇರುತ್ತೆ’ ಎಂದು ತಳ್ಳಿಹಾಕುತ್ತಾರೆ. ಮಗುವಿಗೆ ಒಂದೇ ಕಿಡ್ನಿ ಎಂದು ಗೊತ್ತಿರುವ ಮನೆಯವರು ಹುಡುಗಿ ದೊಡ್ಡವಳಾಗುವ ಹೊತ್ತಿಗೆ ಈ ವಿಷಯವನ್ನು ವೈದ್ಯರ ಮುಂದೆ ತಾವೇ ಎತ್ತಬೇಕು.

ಸಿಟಿ ಎಲ್ಲಿ ಬೇಕು

ಇಷ್ಟೆಲ್ಲ ಹೇಳಿದ ಮೇಲೆ ಸಿಟಿ ಬೇಡವೇ ಬೇಡ ಎಂದಲ್ಲ. ಲಾಳದ ಕಿಡ್ನಿಯಲ್ಲಿ ಕಲ್ಲು ಕಟ್ಟಿದಾಗ, ಹೊಟ್ಟೆಗೆ ಪೆಟ್ಟು ಬಿದ್ದಾಗ, ಆಪರೇಷನ್ನಿಗೆ ಮುಂಚೆ ರಕ್ತನಾಳಗಳ ನಕ್ಷೆ ಬೇಕಾದಾಗ ಅದು ಕೊಡುವ ವಿವರ ದೊಡ್ಡದು.

ದೊಡ್ಡವರಲ್ಲಿ ಪತ್ತೆಯಾಗುವ ಒಂದು ಅಪರೂಪದ ತೊಂದರೆ ಇದಕ್ಕೆ ಒಳ್ಳೆಯ ಉದಾಹರಣೆ. ಮೂವತ್ತು-ನಲವತ್ತರ ವಯಸ್ಸಿನಲ್ಲಿ ಬಲಪಕ್ಕೆ ನೋವು. ಅಲ್ಟ್ರಾಸೌಂಡಿನಲ್ಲಿ ಬಲ ಕಿಡ್ನಿ ಊದಿದೆ, ಕಲ್ಲು ಮಾತ್ರ ಇಲ್ಲ. ಐವಿಪಿಯಲ್ಲಿ ಮೂತ್ರನಾಳ ಮೀನಿನ ಗಾಳದ ಹಾಗೆ ಬಾಗಿರುತ್ತದೆ. ಸಿಟಿ ಮಾಡಿದರೆ ಕಾರಣ ನೇರ ಕಾಣುತ್ತದೆ: ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ಅಭಿಧಮನಿಯ ಹಿಂದೆ ಮೂತ್ರನಾಳ ನುಸುಳಿ ಸಿಕ್ಕಿಹಾಕಿಕೊಂಡಿದೆ. ತಪ್ಪು ಮೂತ್ರನಾಳದ್ದಲ್ಲ. ಗರ್ಭದಲ್ಲೇ ಮಾಯವಾಗಬೇಕಿದ್ದ ಒಂದು ರಕ್ತನಾಳ ಉಳಿದುಕೊಂಡು ನಾಳದ ಮುಂದೆ ಬಂದುಬಿಟ್ಟಿದೆ. ಇಂಥ ಕಡೆ ಒಂದು ಸಿಟಿ ಹಲವು ಪರೀಕ್ಷೆಗಳ ಅಲೆದಾಟ ತಪ್ಪಿಸುತ್ತದೆ. ಸಣ್ಣ ಮಗುವಿಗಾದರೆ ಅದೇ ಪ್ರಶ್ನೆಗೆ ಎಂಆರ್‌ಐ ಉತ್ತರ ಕೊಡಬಲ್ಲದು.

ಅನ್ಯಾಯ ಅನಿಸುವುದು ಬೇರೆ ಕಡೆ. ಎಂಆರ್‌ಐಗೆ ಸರದಿ ಉದ್ದ ಎಂದು, ಸಿಟಿ ಹತ್ತಿರದಲ್ಲೇ ಇದೆ ಎಂದು ಮಗುವಿಗೆ ಸಿಟಿ ಆಗಿಬಿಡುವುದು. ಅದೂ 2008ರಿಂದ ಮಕ್ಕಳ ರೇಡಿಯಾಲಜಿಸ್ಟರೇ ಜಗತ್ತಿನಾದ್ಯಂತ ಹೇಳುತ್ತಿರುವ ‘ಮಗುವಿನ ಗಾತ್ರಕ್ಕೆ ತಕ್ಕ ಪ್ರಮಾಣ’ವನ್ನು ಯಂತ್ರದಲ್ಲಿ ಹೊಂದಿಸದೆ, ದೊಡ್ಡವರ ಲೆಕ್ಕದಲ್ಲೇ. 2025ರ ಸುದ್ದಿಗಳು ಹೆದರಿಸಬೇಕಾದದ್ದು ಈ ಅಭ್ಯಾಸವನ್ನು.

ಊರಿನ ದೂರ

ಇನ್ನು ಮುಂದೆ ಏನಾಗಬಹುದು? ಭಯದಿಂದ ಜನ ಎಲ್ಲ ಸ್ಕ್ಯಾನನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ, ವಿಕಿರಣವೇ ಇಲ್ಲದ ಮರು-ಅಲ್ಟ್ರಾಸೌಂಡ್ ಕೂಡ ತಪ್ಪಿಹೋಗುತ್ತದೆ. ಅದು ದೊಡ್ಡ ನಷ್ಟ. ಭಯ ಸರಿಯಾದ ಜಾಗಕ್ಕೆ ಹೋದರೆ ಮಕ್ಕಳ ಸಿಟಿ ಕಡಿಮೆಯಾಗಿ ಎಂಆರ್‌ಐ ಕಡೆಗೆ ಒತ್ತು ಬೀಳಬಹುದು. ಎಂಸಿಯು ಬದಲಿಗೆ, ಗುಳ್ಳೆಗಳಿರುವ ಕಾಂಟ್ರಾಸ್ಟ್ ಬಳಸಿ ಅಲ್ಟ್ರಾಸೌಂಡಿನಲ್ಲೇ ಮೂತ್ರದ ಹಿಮ್ಮುಖ ಹರಿವು ನೋಡುವ ವಿಧಾನ ಈಗಾಗಲೇ ಇದೆ. 2016ರಲ್ಲಿ ಅಮೆರಿಕದ ಔಷಧ ಇಲಾಖೆ ಮಕ್ಕಳಿಗೆ ಅದನ್ನು ಒಪ್ಪಿತು. ಟ್ಯೂಬ್ ಅದರಲ್ಲೂ ತಪ್ಪುವುದಿಲ್ಲ, ವಿಕಿರಣ ತಪ್ಪುತ್ತದೆ.

ಆದರೆ ಕರ್ನಾಟಕದ ಹೆಚ್ಚಿನ ತಾಲ್ಲೂಕುಗಳಿಗೆ ಈ ಮಾತು ಇನ್ನೂ ದೂರದ್ದು. ಡಿಎಂಎಸ್‌ಎ, ಇಸಿ ಸ್ಕ್ಯಾನಿಗೆ ಬೇಕಾದ ಟೆಕ್ನೀಶಿಯಂ ಆರು ಗಂಟೆಗೆ ಅರ್ಧ ಆಗಿಬಿಡುತ್ತದೆ. ತಂದು ಇಟ್ಟುಕೊಳ್ಳುವ ಮಾಲಲ್ಲ. ಅದನ್ನು ಅಲ್ಲೇ ತೆಗೆದುಕೊಡುವ ಜನರೇಟರ್ ಎಂಬ ಸಾಧನ ಬೇಕು, ಪರವಾನಗಿ ಬೇಕು, ತರಬೇತಾದವರು ಬೇಕು. ಹಾಗಾಗಿ ಆ ಸ್ಕ್ಯಾನ್ ದೊಡ್ಡ ಊರುಗಳಲ್ಲೇ ಉಳಿದಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂಗನವಾಡಿಗೂ ಶಾಲೆಗೂ ಹೋಗಿ ಮಕ್ಕಳನ್ನು ತಪಾಸಣೆ ಮಾಡುತ್ತದೆ. ಅದು ಮೊದಲಿಗೆ ಮಾಡಿದ 30 ತೊಂದರೆಗಳ ಪಟ್ಟಿಯಲ್ಲಿ ಹುಟ್ಟಿನ ದೋಷಗಳೆಂದು ಸೀಳುತುಟಿ, ತಿರುಚಿದ ಪಾದ, ಹೃದಯದ ದೋಷ ಮುಂತಾದವಿದ್ದವು, ಮೂತ್ರದ ದಾರಿಯ ದೋಷ ಇರಲಿಲ್ಲ. ಕಣ್ಣಿಗೆ ಕಾಣದ ದೋಷ ಪಟ್ಟಿಗೆ ಬರುವುದು ಕಷ್ಟ ನಿಜ. ಆದರೆ ‘ಮಗು ಸದಾ ಒದ್ದೆಯಾಗಿರುತ್ತದಾ, ಉಚ್ಚೆ ಧಾರೆಯಾಗಿ ಬರುತ್ತದಾ, ಕಾರಣವಿಲ್ಲದ ಜ್ವರ ಮತ್ತೆ ಮತ್ತೆ ಬರುತ್ತದಾ’ ಎಂಬ ಮೂರು ಪ್ರಶ್ನೆ ಕೇಳಲು ಯಾವ ಯಂತ್ರವೂ ಬೇಡ. ಇವನ್ನು ಆಶಾ ಕಾರ್ಯಕರ್ತೆಯ ಪುಸ್ತಕಕ್ಕೆ ಸೇರಿಸಬಹುದು.

ಮನೆಯವರ ಕೈಯಲ್ಲಿರುವುದೂ ಸಣ್ಣದಲ್ಲ. ಗರ್ಭಿಣಿಯಾಗಿದ್ದಾಗಿನ ಸ್ಕ್ಯಾನ್ ರಿಪೋರ್ಟನ್ನು ಹೆರಿಗೆಯಾದ ಮೇಲೆ ಎಸೆಯಬಾರದು. ಅದು ಈಗ ಮಗುವಿನ ರಿಪೋರ್ಟ್. ಪ್ರತಿ ಸ್ಕ್ಯಾನಿನ ಚೀಟಿಯ ಜೊತೆ ಚಿತ್ರಗಳ ಸಿಡಿಯನ್ನೂ ಕೇಳಿ ಪಡೆದು, ದಿನಾಂಕದ ಪ್ರಕಾರ ಒಂದೇ ಫೈಲಿನಲ್ಲಿ ಇಡಬೇಕು. ಹತ್ತು ಮಿಲಿಮೀಟರ್ ಊತ ಹನ್ನೆರಡಾಗಿದೆಯೋ, ಹದಿನೈದರಿಂದ ಹನ್ನೆರಡಕ್ಕೆ ಇಳಿದಿದೆಯೋ ಎಂಬುದು ಹಳೆಯದು ಪಕ್ಕದಲ್ಲಿದ್ದರೆ ಮಾತ್ರ ತಿಳಿಯುತ್ತದೆ. ಹಳೆಯದು ಇಲ್ಲದಿದ್ದರೆ ಹೊಸ ಊರಿನ ವೈದ್ಯರು ಎಲ್ಲವನ್ನೂ ಮೊದಲಿನಿಂದ ಮಾಡಿಸುತ್ತಾರೆ. ಒಂದು ಫೈಲ್ ಇದ್ದಿದ್ದರೆ ತಪ್ಪುತ್ತಿದ್ದ ಇನ್ನೊಂದು ಟ್ಯೂಬ್, ಇನ್ನೊಂದು ಸೂಜಿ, ಇನ್ನೊಂದು ಸುತ್ತು ವಿಕಿರಣ ಆ ಮಗುವಿಗೇ ಹೋಗುತ್ತದೆ.